ಗಂಟು ಬಿಚ್ಚಿದ ತಂತ್ರಾಂಶ ಗುರುತು ಉಳಿಸುತ್ತದೆಯೆ? ಪರೀಕ್ಷಿಸುವ ಕ್ರಮ



ಬಿತ್ತನೆಗೆ ಮುಂಚೆ ನೂರು ಕಾಳನ್ನು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂದು ನೋಡುವ ಪದ್ಧತಿ ನಿಮಗೆ ಗೊತ್ತು. ಹೊಲ ನಮ್ಮದು, ಬೆಳೆ ಕೈಕೊಟ್ಟರೆ ನಷ್ಟವೂ ನಮ್ಮದೇ. ಆದ್ದರಿಂದ ಬೀಜ ಕೊಟ್ಟವರು ಎಷ್ಟೇ ನಂಬಿಗಸ್ತರಾಗಿದ್ದರೂ ನಾವೇ ಒಮ್ಮೆ ನೋಡಿಕೊಳ್ಳುತ್ತೇವೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಇದಕ್ಕೇ ಹುಟ್ಟಿದ್ದು. ಅದೇ ಪದ್ಧತಿಯನ್ನು ಕಂಪ್ಯೂಟರಿನ ಒಂದು ವಿಷಯಕ್ಕೆ ಹೇಗೆ ಅನ್ವಯಿಸಬಹುದು ಎಂಬುದೇ ಈ ಸಲದ ಪಾಠ.

ಹಾಲಿನ ಸಂಘ, ಸ್ವಸಹಾಯ ಸಂಘ, ಕೊಳವೆಬಾವಿಯ ಪಾಲುದಾರರ ನೀರಿನ ಸರದಿ, ಸಾಲ, ಬಡ್ಡಿ ಮುಂತಾದ ಲೆಕ್ಕಗಳನ್ನು ಕಂಪ್ಯೂಟರಿನಲ್ಲಿ ಇಡುವ ರೂಢಿ ಊರುಗಳಿಗೂ ಬಂದಿದೆ. ಆದರೆ ಎಲ್ಲರ ಮನೆಯಲ್ಲೂ ಕಂಪ್ಯೂಟರು ಇರುವುದಿಲ್ಲ. ಸಂಘದ ಕಚೇರಿಯಲ್ಲೋ, ಗ್ರಂಥಾಲಯದಲ್ಲೋ, ನೆಂಟರ ಮನೆಯಲ್ಲೋ ಇರುವ ಯಂತ್ರಕ್ಕೆ ಪೆನ್‌ಡ್ರೈವು ಚುಚ್ಚಿ ಕೆಲಸ ಮುಗಿಸಿಕೊಂಡು ಬರುತ್ತೇವೆ. ಹೀಗಿರುವಾಗ ಯಾರೋ ಒಬ್ಬರು ಒಂದು ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟು, "ಇದನ್ನು ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಪೆನ್‌ಡ್ರೈವಿನಿಂದಲೇ ಓಡುತ್ತದೆ. ಆ ಯಂತ್ರದಲ್ಲಿ ಏನೂ ಗುರುತು ಉಳಿಯುವುದಿಲ್ಲ" ಎನ್ನುತ್ತಾರೆ. ಈ ಮೂರು ಮಾತುಗಳಲ್ಲಿ ಮೊದಲೆರಡು ನಿಜವಿರಬಹುದು. ಆದರೆ ಅವು ನಿಜವಾದ ಮಾತ್ರಕ್ಕೆ ಮೂರನೆಯದೂ ನಿಜವಾಗಬೇಕೆಂದಿಲ್ಲ. ಅದನ್ನು ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕು.

ಇದರಿಂದ ಆಗುವ ನಷ್ಟವೇನು?

ನಷ್ಟ ಎರಡು ಬಗೆಯದು.

ಮೊದಲನೆಯದು, ನಮ್ಮ ಗುಟ್ಟು ಪರರ ಯಂತ್ರದಲ್ಲಿ ಉಳಿಯುವುದು. ಸಂಘದಲ್ಲಿ ಯಾರು ಎಷ್ಟು ಸಾಲ ತೆಗೆದಿದ್ದಾರೆ, ಯಾರ ಕಂತು ಬಾಕಿ ಇದೆ ಎಂಬುದು ಸಂಘದೊಳಗಿನ ಮಾತು. ನೀವು ಎದ್ದು ಬಂದ ಮೇಲೆ ಅದೇ ಕುರ್ಚಿಯಲ್ಲಿ ಕುಳಿತವರಿಗೆ ಆ ಫೈಲಿನ ಹೆಸರು, ಅದರ ಮೊದಲ ಪುಟದ ಚಿಕ್ಕ ಚಿತ್ರ ಕಾಣಿಸಿದರೆ ಸದಸ್ಯರ ಮಾನದ ಪ್ರಶ್ನೆಯಾಗುತ್ತದೆ.

ಎರಡನೆಯದನ್ನು ಬಹಳ ಮಂದಿ ಯೋಚಿಸಿರುವುದಿಲ್ಲ. ಅಲ್ಲಿ ಉಳಿದದ್ದು ನಿಮ್ಮ ಸಂಗಡ ಬರುವುದಿಲ್ಲ. ಲೆಕ್ಕ ಬರೆಯುವವರು ಶ್ರಮಪಟ್ಟು ರಸೀದಿಯ ನಮೂನೆಯೊಂದನ್ನು ಸಿದ್ಧಪಡಿಸಿ ತಂತ್ರಾಂಶದೊಳಗೆ ಇಟ್ಟಿರುತ್ತಾರೆ. ಅದು ಪೆನ್‌ಡ್ರೈವಿನಲ್ಲಿದೆ ಎಂದೇ ತಿಳಿದಿರುತ್ತಾರೆ. ನಿಜವಾಗಿ ಅದು ಸಂಘದ ಯಂತ್ರದ ಒಳಮೂಲೆಯಲ್ಲಿ ಕೂತಿರುತ್ತದೆ. ಒಂದು ದಿನ ಆ ಯಂತ್ರ ಕೆಟ್ಟು, ರಿಪೇರಿಯವರು ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದರೆ ನಮೂನೆಯೂ ಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಗಂಟು ಬಿಚ್ಚುವುದು ಎಂದರೇನು?

ತಂತ್ರಾಂಶಗಳು ಸಾಮಾನ್ಯವಾಗಿ ಒಂದು ಗಂಟಿನ ರೂಪದಲ್ಲಿ ಬರುತ್ತವೆ. ಇದನ್ನು ಸೆಟಪ್ ಫೈಲು ಎನ್ನುತ್ತಾರೆ. ಅದನ್ನು ಒತ್ತಿದರೆ ಗಂಟು ಬಿಚ್ಚಿಕೊಂಡು, ಫೈಲುಗಳನ್ನು ತಕ್ಕ ಜಾಗಗಳಲ್ಲಿಟ್ಟು, ವಿಂಡೋಸಿನ ದಾಖಲೆಗಳಲ್ಲಿ ತನ್ನ ಹೆಸರನ್ನು ಬರೆಸಿಕೊಳ್ಳುತ್ತದೆ. ಇದೇ ಇನ್‌ಸ್ಟಾಲ್ ಮಾಡುವುದು.

ಹೆಸರು ಬರೆಸುವ ಕೆಲಸವನ್ನು ಬಿಟ್ಟು, ಗಂಟಿನೊಳಗಿನ ಫೈಲುಗಳನ್ನು ಮಾತ್ರ ತೆಗೆದು ಒಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳುವುದಕ್ಕೂ ದಾರಿಯುಂಟು. ಸೆವೆನ್-ಜಿಪ್ ಎಂಬ ಉಚಿತ ತಂತ್ರಾಂಶದಿಂದ ಅನೇಕ ಗಂಟುಗಳನ್ನು ಬಿಚ್ಚಬಹುದು. ಎಂಎಸ್‌ಐ ಜಾತಿಯ ಗಂಟಾದರೆ ವಿಂಡೋಸಿನಲ್ಲಿಯೇ ಇರುವ ಎಂಎಸ್‌ಐಎಕ್ಸೆಕ್ ಎಂಬ ಆಜ್ಞೆಯ ಮುಂದೆ ಓರೆಗೆರೆ, ಎ ಎಂಬ ಇಂಗ್ಲಿಷ್ ಅಕ್ಷರ, ಆಮೇಲೆ ಗಂಟಿನ ಹೆಸರು ಬರೆದರೆ, ಫೈಲುಗಳನ್ನು ಎಲ್ಲಿ ಇಡಬೇಕೆಂದು ಕೇಳಿ ಅಲ್ಲಿಗೆ ಬಿಚ್ಚಿ ಹಾಕುತ್ತದೆ.

ಹೀಗೆ ಬಿಚ್ಚಿದ ತಂತ್ರಾಂಶ ಬಹಳ ಸಲ ಚೆನ್ನಾಗಿಯೇ ಓಡುತ್ತದೆ. ಆದರೆ ಒಂದು ಮಾತನ್ನು ಮನಗಾಣಬೇಕು. ನಾವು ತಪ್ಪಿಸಿದ್ದು ಇನ್‌ಸ್ಟಾಲ್ ಮಾಡುವಾಗಿನ ಬರವಣಿಗೆಯನ್ನು ಮಾತ್ರ. ತಂತ್ರಾಂಶ ಓಡುವಾಗ ತಾನಾಗಿ ಮಾಡುವ ಬರವಣಿಗೆ ಹಾಗೆಯೇ ಇರುತ್ತದೆ. ಆಳನ್ನು ಮುಂಬಾಗಿಲಿನ ಬದಲು ಹಿತ್ತಿಲ ಬಾಗಿಲಿನಿಂದ ಕರೆತಂದರೂ ಅವನ ಕಾಲಿನ ಕೆಸರು ಮನೆಯೊಳಗೆ ಬೀಳದೆ ಇರುವುದಿಲ್ಲ.

ಗುರುತು ಉಳಿಯುವ ಸ್ಥಳಗಳು

ಎಲ್ಲಿ ಹುಡುಕಬೇಕೆಂದು ತಿಳಿಯದಿದ್ದರೆ ಪರೀಕ್ಷೆ ಸಾಗುವುದಿಲ್ಲ. ಮುಖ್ಯವಾದ ಸ್ಥಳಗಳು ಐದು.

೧. ರಿಜಿಸ್ಟ್ರಿ. ಇದು ವಿಂಡೋಸಿನ ದೊಡ್ಡ ದಫ್ತರ. ಹಿಂದೆ ಶಾನುಭೋಗರ ದಫ್ತರದಲ್ಲಿ ಊರಿನ ಹಕ್ಕು ಹೊಣೆಗಳೆಲ್ಲ ಒಂದೇ ಕಡೆ ಇರುತ್ತಿದ್ದ ಹಾಗೆ, ಯಂತ್ರದ ಮತ್ತು ತಂತ್ರಾಂಶಗಳ ಏರ್ಪಾಡುಗಳು ಇಲ್ಲಿರುತ್ತವೆ. ೧೯೯೫ರಲ್ಲಿ ಬಂದ ವಿಂಡೋಸ್ ೯೫ರಿಂದ ಇದರ ಬಳಕೆ ಸಾರ್ವತ್ರಿಕವಾಯಿತು. ಅದಕ್ಕೆ ಮುಂಚೆ ಬಹಳ ತಂತ್ರಾಂಶಗಳು ಐಎನ್‌ಐ ಎಂಬ ಚಿಕ್ಕ ಬರಹದ ಫೈಲುಗಳಲ್ಲಿ ತಮ್ಮ ಏರ್ಪಾಡುಗಳನ್ನು ಬರೆದುಕೊಳ್ಳುತ್ತಿದ್ದವು. ರಿಜಿಸ್ಟ್ರಿಯಲ್ಲಿ ಕರೆಂಟ್ ಯೂಸರ್ ಎಂಬ ಭಾಗ ಒಬ್ಬ ಬಳಕೆದಾರನಿಗೆ ಸೇರಿದ್ದು. ಲೋಕಲ್ ಮಷೀನ್ ಎಂಬ ಭಾಗ ಇಡೀ ಯಂತ್ರಕ್ಕೆ ಸೇರಿದ್ದು.

೨. ಆಪ್‌ಡೇಟಾ. ಬಳಕೆದಾರನ ಫೋಲ್ಡರಿನೊಳಗೆ ಅಡಗಿರುವ ಫೋಲ್ಡರಿದು. ಸಾಮಾನ್ಯವಾಗಿ ಕಣ್ಣಿಗೆ ಕಾಣುವುದಿಲ್ಲ. ಫೈಲ್ ಎಕ್ಸ್‌ಪ್ಲೋರರಿನಲ್ಲಿ ಅಡಗಿದ ಫೈಲುಗಳನ್ನು ತೋರಿಸೆಂದು ಗುರುತು ಹಾಕಿದರೆ ಕಾಣುತ್ತದೆ. ರೋಮಿಂಗ್ ಮತ್ತು ಲೋಕಲ್ ಎಂಬ ಇದರ ಒಳಕೋಣೆಗಳನ್ನು ತಪ್ಪದೆ ನೋಡಬೇಕು.

೩. ಪ್ರೋಗ್ರಾಮ್‌ಡೇಟಾ. ಇದು ಆ ಯಂತ್ರದ ಎಲ್ಲ ಬಳಕೆದಾರರಿಗೂ ಸೇರಿದ ಜಾಗ, ಊರ ಗುಂಡುತೋಪಿನ ಹಾಗೆ. ಇದೂ ಅಡಗಿರುತ್ತದೆ.

೪. ಟೆಂಪ್. ಕೆಲಸದ ನಡುವೆ ಹುಟ್ಟುವ ತಾತ್ಕಾಲಿಕ ಫೈಲುಗಳ ಜಾಗ. ಕೆಲಸ ಮುಗಿದಾಗ ತಂತ್ರಾಂಶವೇ ಇವನ್ನು ಅಳಿಸಬೇಕು. ಕರೆಂಟು ಹೋದರೆ ಅಥವಾ ಪೆನ್‌ಡ್ರೈವನ್ನು ನಡುವೆಯೇ ಕಿತ್ತರೆ ಅಳಿಸದೆ ಉಳಿಯಬಹುದು.

೫. ಡಾಕ್ಯುಮೆಂಟ್ಸ್. ಕೆಲವು ತಂತ್ರಾಂಶಗಳು ಕೇಳದೆಯೇ ಇಲ್ಲಿ ತಮ್ಮ ಹೆಸರಿನ ಫೋಲ್ಡರನ್ನು ಮಾಡಿಬಿಡುತ್ತವೆ.

ಮೂರು ತಂತ್ರಾಂಶ, ಮೂರು ಸ್ವಭಾವ

ನಮ್ಮ ಲೆಕ್ಕಪತ್ರಕ್ಕೆ ಅನುಕೂಲವಾದ ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶವನ್ನು ತೆಗೆದುಕೊಳ್ಳಿ. ಇದು ೨೦೧೦ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದು ಹುಟ್ಟಿತು. ಇದರ ಗಂಟು ಎಂಎಸ್‌ಐ ಜಾತಿಯದು, ಬಿಚ್ಚಿ ಓಡಿಸಬಹುದು. ಆದರೆ ಓಡಿಸಿದ ಕೂಡಲೆ ಆಪ್‌ಡೇಟಾದ ರೋಮಿಂಗ್ ಕೋಣೆಯಲ್ಲಿ ಲಿಬ್ರೆಆಫೀಸ್ ಎಂಬ ಫೋಲ್ಡರನ್ನೂ, ಅದರೊಳಗೆ ೪ ಎಂಬ ಫೋಲ್ಡರನ್ನೂ, ಅದರೊಳಗೆ ಯೂಸರ್ ಎಂಬುದನ್ನೂ ಮಾಡಿಕೊಳ್ಳುತ್ತದೆ. ನೀವು ಸೇರಿಸಿದ ಪದಗಳು, ನಮೂನೆಗಳು, ಇತ್ತೀಚೆಗೆ ತೆರೆದ ಫೈಲುಗಳ ಪಟ್ಟಿ, ಆ ಫೈಲುಗಳ ಚಿಕ್ಕ ಚಿತ್ರಗಳು ಎಲ್ಲವೂ ಅಲ್ಲಿರುತ್ತವೆ.

ಸೆವೆನ್-ಜಿಪ್ ಇನ್ನೊಂದು ಬಗೆ. ಅದನ್ನು ಪೆನ್‌ಡ್ರೈವಿನಲ್ಲಿಟ್ಟು ಓಡಿಸಿದರೂ ರಿಜಿಸ್ಟ್ರಿಯ ಕರೆಂಟ್ ಯೂಸರ್ ಭಾಗದಲ್ಲಿ ಸಾಫ್ಟ್‌ವೇರ್ ಎಂಬ ಶಾಖೆಯ ಕೆಳಗೆ ತನ್ನ ಹೆಸರಿನಲ್ಲಿ ಬರೆದುಕೊಳ್ಳುತ್ತದೆ. ಯಾವ ಯಾವ ಫೋಲ್ಡರುಗಳನ್ನು ನೀವು ತೆರೆದಿರಿ ಎಂಬ ಚರಿತ್ರೆಯೂ ಅದರಲ್ಲಿರುತ್ತದೆ.

ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಂಬುದರ ಜಿಪ್ ಗಂಟು ಮೂರನೆಯ ಬಗೆ. ಅದರ ಫೋಲ್ಡರಿನಲ್ಲಿ ಡೂಲೋಕಲ್‌ಕಾನ್ಫ್ ಎಂಬ ಒಂದು ಫೈಲು ಇರುತ್ತದೆ. ಆ ಫೈಲು ಅಲ್ಲಿರುವ ತನಕ ತನ್ನ ಏರ್ಪಾಡುಗಳನ್ನು ತನ್ನ ಫೋಲ್ಡರಿನಲ್ಲಿಯೇ ಬರೆದುಕೊಳ್ಳುತ್ತದೆ.

ಇದರಿಂದ ತಿಳಿಯುವುದೇನು? ರಿಜಿಸ್ಟ್ರಿಯನ್ನು ಮಾತ್ರ ನೋಡಿದವರಿಗೆ ಲಿಬ್ರೆಆಫೀಸ್ ಸಾಧುವಾಗಿ ಕಾಣಬಹುದು. ಫೋಲ್ಡರುಗಳನ್ನು ಮಾತ್ರ ನೋಡಿದವರಿಗೆ ಸೆವೆನ್-ಜಿಪ್ ಸಾಧುವಾಗಿ ಕಾಣಬಹುದು. ಎರಡನ್ನೂ ನೋಡದೆ ತೀರ್ಪು ಕೊಡಬಾರದು.

ಯಾವ ಸಾಮಗ್ರಿಯೂ ಬೇಡದ ಎರಡು ಪರೀಕ್ಷೆಗಳು

ಮೊದಲು ಯಾರು ಬೇಕಾದರೂ ಮಾಡಬಹುದಾದ ಸುಲಭ ಪರೀಕ್ಷೆಗಳನ್ನು ಹೇಳುತ್ತೇನೆ.

ಊರು ಬದಲಿಸುವ ಪರೀಕ್ಷೆ: ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ಓಡಿಸಿ, ಅದರಲ್ಲಿ ಒಂದು ಏರ್ಪಾಡನ್ನು ಬದಲಿಸಿ. ಉದಾಹರಣೆಗೆ ಗುಂಡಿಗಳ ಚಿತ್ರವನ್ನು ದೊಡ್ಡದು ಮಾಡಿ, ಇಲ್ಲವೆ ಪದಕೋಶಕ್ಕೆ ನಿಮ್ಮ ಊರಿನ ಹೆಸರನ್ನು ಸೇರಿಸಿ. ಮುಚ್ಚಿ, ಪೆನ್‌ಡ್ರೈವನ್ನು ಕ್ರಮವಾಗಿ ಬಿಡಿಸಿಕೊಂಡು ಇನ್ನೊಂದು ಕಂಪ್ಯೂಟರಿಗೆ ಹಾಕಿ ಓಡಿಸಿ. ಬದಲಾವಣೆ ಸಂಗಡ ಬಂದಿದ್ದರೆ ಅದು ಪೆನ್‌ಡ್ರೈವಿನಲ್ಲಿ ಬರೆದಿದೆ. ಬರದಿದ್ದರೆ ಮೊದಲ ಯಂತ್ರದಲ್ಲಿಯೇ ಉಳಿದಿದೆ ಎಂದು ತಿಳಿಯಬೇಕು.

ನೆನಪಿನ ಪರೀಕ್ಷೆ: ಓಡಿಸಿ ಮುಚ್ಚಿದ ಮೇಲೆ ತಂತ್ರಾಂಶದ ಫೋಲ್ಡರನ್ನು ಪೂರ್ತಿ ಅಳಿಸಿ. ಗಂಟನ್ನು ಮತ್ತೆ ಹೊಸದಾಗಿ ಬಿಚ್ಚಿ, ಅದೇ ಯಂತ್ರದಲ್ಲಿ ಓಡಿಸಿ. ಹೊಸದಾಗಿ ಬಿಚ್ಚಿದ್ದು ನಿಮ್ಮನ್ನು ಗುರುತಿಸಬಾರದು. ಹಳೆಯ ಫೈಲುಗಳ ಪಟ್ಟಿಯನ್ನು ತೋರಿಸಿದರೆ, ಮೊದಲನೆಯದು ಯಂತ್ರದಲ್ಲಿ ಏನನ್ನೋ ಬಿಟ್ಟು ಹೋಗಿದೆ ಎಂಬುದಕ್ಕೆ ಅದೇ ಸಾಕ್ಷಿ.

ಆದರೆ ಇವೆರಡರಲ್ಲಿಯೂ ಒಂದು ಮಿತಿಯುಂಟು. ಗುರುತು ಕಂಡರೆ ಗುರುತು ಇದೆ ಎಂಬುದು ಖಂಡಿತ. ಕಾಣದಿದ್ದರೆ ಇಲ್ಲವೇ ಇಲ್ಲ ಎಂದು ಹೇಳುವ ಹಾಗಿಲ್ಲ. ಎಲೆಯ ಮೇಲೆ ಚುಕ್ಕೆ ಕಂಡರೆ ರೋಗ ಬಂದಿದೆ. ಕಾಣದಿದ್ದ ಮಾತ್ರಕ್ಕೆ ಬೇರಿನಲ್ಲಿ ಏನೂ ಇಲ್ಲವೆನ್ನಲಾಗದು. ಬೇರನ್ನು ನೋಡುವುದಕ್ಕೆ ಮುಂದಿನ ಪರೀಕ್ಷೆ.

ಪೂರ್ಣ ಪರೀಕ್ಷೆಗೆ ಬೇಕಾದ ನೆಲ

ನಾಲ್ಕು ಜನ ಬಳಸುವ ಯಂತ್ರದಲ್ಲಿ ಪೂರ್ಣ ಪರೀಕ್ಷೆ ಮಾಡಬೇಡಿ. ಅಲ್ಲಿ ಹಳೆಯ ಗುರುತುಗಳು ತುಂಬಿರುತ್ತವೆ. ಹೊಸದು ಯಾವುದೆಂದು ತಿಳಿಯುವುದು ಕಷ್ಟ. ಉತ್ತು ಹದಮಾಡಿದ ಪಾತಿಯ ಹಾಗೆ ಶುದ್ಧವಾದ ನೆಲ ಬೇಕು.

ವಿಂಡೋಸ್ ಸ್ಯಾಂಡ್‌ಬಾಕ್ಸ್ ಎಂಬುದು ಅಂಥ ನೆಲ. ೨೦೧೯ರ ಮೇ ತಿಂಗಳಲ್ಲಿ ಬಂದ ವಿಂಡೋಸ್ ೧೦ರ ೧೯೦೩ನೆಯ ಆವೃತ್ತಿಯಲ್ಲಿ ಇದು ಮೊದಲು ದೊರೆಯಿತು. ವಿಂಡೋಸ್ ೧೧ರಲ್ಲಿಯೂ ಇದೆ. ಯಂತ್ರದೊಳಗೇ ಇನ್ನೊಂದು ಹೊಚ್ಚಹೊಸ ವಿಂಡೋಸ್ ತೆರೆದುಕೊಳ್ಳುತ್ತದೆ. ಮುಚ್ಚಿದೊಡನೆ ಅದರೊಳಗಿನದೆಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ಪರೀಕ್ಷೆಯ ಫಲಿತಾಂಶವನ್ನು ಮುಚ್ಚುವ ಮುನ್ನವೇ ಹೊರಗೆ ನಕಲು ಮಾಡಿಕೊಳ್ಳಬೇಕು. ಇದಕ್ಕೆ ಕನಿಷ್ಠ ೪ ಜಿಬಿ ಮೆಮೊರಿ ಬೇಕು. ೮ ಇದ್ದರೆ ಒಳ್ಳೆಯದು. ಪ್ರೊ ಮುಂತಾದ ಆವೃತ್ತಿಗಳಲ್ಲಿ ಇದು ಸಿಗುತ್ತದೆ, ಹೋಮ್ ಆವೃತ್ತಿಯಲ್ಲಿ ಇಲ್ಲ.

ಹೋಮ್ ಆವೃತ್ತಿಯಿದ್ದವರು ನಿರಾಶರಾಗಬೇಕಿಲ್ಲ. ಸೆಟ್ಟಿಂಗ್ಸಿನಲ್ಲಿ "ಪರೀಕ್ಷೆ" ಎಂಬ ಹೆಸರಿನ ಹೊಸ ಬಳಕೆದಾರನನ್ನು ಸೃಷ್ಟಿಸಿ, ಆ ಹೆಸರಿನಲ್ಲಿ ಒಳಗೆ ಹೋಗಿ ಪರೀಕ್ಷೆ ಮಾಡಿ. ಕರೆಂಟ್ ಯೂಸರ್ ಮತ್ತು ಆಪ್‌ಡೇಟಾ ಎರಡೂ ಆ ಹೊಸ ಬಳಕೆದಾರನವೇ ಆಗಿರುವುದರಿಂದ ನೆಲ ಬಹುಮಟ್ಟಿಗೆ ಶುದ್ಧವಾಗಿರುತ್ತದೆ. ಮುಗಿದ ಮೇಲೆ ಆ ಬಳಕೆದಾರನನ್ನು ಅವನ ಫೈಲುಗಳ ಸಮೇತ ತೆಗೆದುಹಾಕಬಹುದು.

ಶುದ್ಧ ನೆಲದಿಂದ ಇನ್ನೊಂದು ಉಪಯೋಗವೂ ಉಂಟು. ಕೆಲವು ತಂತ್ರಾಂಶಗಳಿಗೆ ವಿಷುವಲ್ ಸಿ ಪ್ಲಸ್ ಪ್ಲಸ್ ಎಂಬಂಥ ನೆರವಿನ ಫೈಲುಗಳು ಬೇಕು. ನಿಮ್ಮ ಯಂತ್ರದಲ್ಲಿ ಅವು ಮೊದಲೇ ಇದ್ದುದರಿಂದ ತಂತ್ರಾಂಶ ಓಡಿತು. ಪಕ್ಕದೂರಿನ ಯಂತ್ರದಲ್ಲಿ ಇಲ್ಲದ್ದರಿಂದ ನಿಂತಿತು ಎಂದಾಗಬಹುದು. ಸ್ಯಾಂಡ್‌ಬಾಕ್ಸಿನಲ್ಲಿ ಓಡಿಸಿದರೆ ಆ ಕೊರತೆಯೂ ಬಯಲಾಗುತ್ತದೆ.

ಪೂರ್ಣ ಪರೀಕ್ಷೆಯ ಕ್ರಮ

ಇದಕ್ಕೆ ರೆಗ್‌ಶಾಟ್ ಎಂಬ ಉಚಿತ ತಂತ್ರಾಂಶ ಸಾಕು. ಇದು ಯಂತ್ರದ ಸ್ಥಿತಿಯನ್ನು ಎರಡು ಸಲ ದಾಖಲಿಸಿ, ನಡುವೆ ಆದ ವ್ಯತ್ಯಾಸವನ್ನು ಬರೆದುಕೊಡುತ್ತದೆ. ಕೆರೆಯ ತೂಬಿನ ಕಲ್ಲಿನ ಮೇಲೆ ನೀರಿನ ಮಟ್ಟವನ್ನು ಮಳೆಗೆ ಮುಂಚೆ ಒಮ್ಮೆ, ಮಳೆಯಾದ ಮೇಲೆ ಒಮ್ಮೆ ಗುರುತು ಮಾಡಿದ ಹಾಗೆ.

೧. ತಂತ್ರಾಂಶದ ಗಂಟನ್ನು ಅದರ ತಯಾರಕರ ತಾಣದಿಂದಲೇ ತನ್ನಿ. ವೈರಸ್ ಇದೆಯೇ ಎಂದು ನೋಡಿ. ಗಂಟನ್ನು ಬಿಚ್ಚಿ ಫೋಲ್ಡರಿನಲ್ಲಿ ಸಿದ್ಧವಾಗಿಡಿ. ಇದೆಲ್ಲವೂ ಮೊದಲ ದಾಖಲೆಗೆ ಮುಂಚೆಯೇ ಮುಗಿದಿರಬೇಕು.

೨. ರೆಗ್‌ಶಾಟ್ ತೆರೆಯಿರಿ. ಸ್ಕ್ಯಾನ್ ಡಿರ್ ಎಂಬ ಮನೆಗೆ ಗುರುತು ಹಾಕಿ, ನಿಮ್ಮ ಬಳಕೆದಾರ ಫೋಲ್ಡರಿನ ದಾರಿಯನ್ನೂ ಪ್ರೋಗ್ರಾಮ್‌ಡೇಟಾದ ದಾರಿಯನ್ನೂ ಬರೆಯಿರಿ. ಇದನ್ನು ಮರೆತರೆ ರಿಜಿಸ್ಟ್ರಿಯನ್ನು ಮಾತ್ರ ನೋಡಿದಂತಾಗುತ್ತದೆ.

೩. ಫಸ್ಟ್ ಶಾಟ್ ಒತ್ತಿ. ಐದು ನಿಮಿಷ ಏನನ್ನೂ ಮಾಡದೆ ಬಿಡಿ. ಸೆಕೆಂಡ್ ಶಾಟ್ ಒತ್ತಿ, ಆಮೇಲೆ ಕಂಪೇರ್ ಒತ್ತಿ. ಬಂದ ಪಟ್ಟಿಯನ್ನು "ಬರಿದು" ಎಂಬ ಹೆಸರಿನಲ್ಲಿ ಇಟ್ಟುಕೊಳ್ಳಿ.

೪. ಹಳೆಯ ದಾಖಲೆಯನ್ನು ತೆಗೆದು, ಮತ್ತೆ ಫಸ್ಟ್ ಶಾಟ್ ಒತ್ತಿ.

೫. ಈಗ ತಂತ್ರಾಂಶವನ್ನು ಓಡಿಸಿ. ಸುಮ್ಮನೆ ತೆರೆದು ಮುಚ್ಚಿದರೆ ಸಾಲದು. ಪಂಪಿನ ಪರೀಕ್ಷೆಯನ್ನು ನೀರೆತ್ತಿಸಿ ಮಾಡಬೇಕಲ್ಲವೆ? ಹಾಗೆಯೇ ಒಂದು ಹೊಸ ಫೈಲು ಬರೆಯಿರಿ, ಉಳಿಸಿ, ಹಳೆಯದೊಂದನ್ನು ತೆರೆಯಿರಿ, ಏರ್ಪಾಡು ಬದಲಿಸಿ, ಆಮೇಲೆ ಕ್ರಮವಾಗಿ ಮುಚ್ಚಿ.

೬. ಸೆಕೆಂಡ್ ಶಾಟ್, ಆಮೇಲೆ ಕಂಪೇರ್. ಈ ಪಟ್ಟಿಯನ್ನು "ಕೆಲಸ" ಎಂಬ ಹೆಸರಿನಲ್ಲಿಡಿ.

೭. ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. "ಬರಿದು" ಪಟ್ಟಿಯಲ್ಲಿಯೂ ಇರುವ ಸಾಲುಗಳನ್ನು "ಕೆಲಸ" ಪಟ್ಟಿಯಿಂದ ಹೊಡೆದುಹಾಕಿ. ಉಳಿದದ್ದನ್ನು ಮಾತ್ರ ವಿಚಾರಿಸಿ.

ಮೂರನೆಯ ಹೆಜ್ಜೆ ವ್ಯರ್ಥವೆಂದು ಕೆಲವರಿಗೆ ತೋರಬಹುದು. ಇಡೀ ಪರೀಕ್ಷೆಯ ಜೀವ ಅಲ್ಲಿದೆ. ಗೊಬ್ಬರದ ಪ್ರಾತ್ಯಕ್ಷಿಕೆ ಮಾಡುವಾಗ ಪಕ್ಕದಲ್ಲಿಯೇ ಗೊಬ್ಬರ ಹಾಕದ ಒಂದು ಮಡಿಯನ್ನು ಏಕೆ ಬಿಡುತ್ತೇವೆ? ಮಳೆಯಿಂದ ಬಂದ ಇಳುವರಿ ಎಷ್ಟು, ಗೊಬ್ಬರದಿಂದ ಬಂದದ್ದು ಎಷ್ಟು ಎಂದು ಬೇರ್ಪಡಿಸುವುದಕ್ಕೆ. ವಿಂಡೋಸ್ ಸುಮ್ಮನಿದ್ದಾಗಲೂ ತನ್ನ ಪಾಡಿಗೆ ತಾನು ಏನೇನೋ ಬರೆಯುತ್ತಿರುತ್ತದೆ. ಬರಿದಾದ ಮಡಿಯಿಲ್ಲದೆ ಪರೀಕ್ಷಿಸಿದರೆ ಆ ಬರಹಗಳನ್ನೆಲ್ಲ ತಂತ್ರಾಂಶದ ತಲೆಗೆ ಕಟ್ಟಿದಂತಾಗುತ್ತದೆ.

ಯಾರು ಬರೆದದ್ದು?

ಉಳಿದ ಸಾಲುಗಳಲ್ಲಿ ಕೆಲವು ಯಾರ ಬರಹವೆಂದು ಸಂಶಯ ಬಂದರೆ ಪ್ರೊಸೆಸ್ ಮಾನಿಟರ್ ಎಂಬುದನ್ನು ಬಳಸಬೇಕು. ಇದು ಸಿಸ್‌ಇಂಟರ್ನಲ್ಸ್ ಎಂಬ ಕೂಟದ ಉಚಿತ ಸಾಧನ. ಆ ಕೂಟವನ್ನು ೨೦೦೬ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು. ರೆಗ್‌ಶಾಟ್ ಏನು ಬದಲಾಯಿತೆಂದು ಹೇಳಿದರೆ, ಪ್ರೊಸೆಸ್ ಮಾನಿಟರ್ ಯಾರು, ಯಾವ ಕ್ಷಣದಲ್ಲಿ, ಎಲ್ಲಿ ಬರೆದರು ಎಂದು ಹೇಳುತ್ತದೆ. ಇದನ್ನು ಓಡಿಸಲು ಆ ಯಂತ್ರದ ಆಡಳಿತಾಧಿಕಾರ ಬೇಕು.

ತೆರೆದ ಕೂಡಲೆ ಸಾವಿರಾರು ಸಾಲುಗಳು ಹರಿಯತೊಡಗುತ್ತವೆ. ಹೆದರಬೇಡಿ; ಜರಡಿ ಹಿಡಿಯಿರಿ. ಫಿಲ್ಟರ್ ಎಂಬಲ್ಲಿ ತಂತ್ರಾಂಶದ ಪ್ರೊಸೆಸ್ ಹೆಸರನ್ನು ಕೊಟ್ಟು, ಕ್ಯಾಟಗರಿ ಎಂಬುದು ರೈಟ್ ಆಗಿರುವ ಸಾಲುಗಳನ್ನು ಮಾತ್ರ ತೋರಿಸೆಂದರೆ ಓದುವ ಕೆಲಸಗಳು ಉದುರಿ, ಬರೆಯುವ ಕೆಲಸಗಳು ಉಳಿಯುತ್ತವೆ. ಲಿಬ್ರೆಆಫೀಸಿನಲ್ಲಿ ಒಂದು ಎಚ್ಚರಿಕೆ ಬೇಕು. ನೀವು ಒತ್ತುವುದು ಎಸ್‌ಆಫೀಸ್ ಇಎಕ್ಸ್‌ಇ ಎಂಬುದನ್ನು. ನಿಜವಾದ ಕೆಲಸ ಮಾಡುವುದು ಅದು ಎಬ್ಬಿಸುವ ಎಸ್‌ಆಫೀಸ್ ಬಿನ್ ಎಂಬುದು. ಮೊದಲನೆಯ ಹೆಸರನ್ನು ಮಾತ್ರ ಕೊಟ್ಟರೆ ಮೇಸ್ತ್ರಿಯನ್ನು ಕಾದು ಆಳುಗಳನ್ನು ಬಿಟ್ಟಂತಾಗುತ್ತದೆ. ಎರಡು ಹೆಸರನ್ನೂ ಕೊಡಿ.

ಪರೀಕ್ಷಿಸುವ ಸಾಧನವೂ ತನ್ನ ಹೆಜ್ಜೆಯನ್ನು ಬಿಡುತ್ತದೆ. ಪ್ರೊಸೆಸ್ ಮಾನಿಟರಿನ ಷರತ್ತುಗಳಿಗೆ ನೀವು ಒಪ್ಪಿದಿರೆಂಬುದು ರಿಜಿಸ್ಟ್ರಿಯಲ್ಲಿ ಸಿಸ್‌ಇಂಟರ್ನಲ್ಸ್ ಹೆಸರಿನಲ್ಲಿ ದಾಖಲಾಗುತ್ತದೆ. ಅದನ್ನು ತಂತ್ರಾಂಶದ ಲೆಕ್ಕಕ್ಕೆ ಹಿಡಿಯಬಾರದು.

ವಿಂಡೋಸ್ ತಾನೇ ಬರೆದುಕೊಳ್ಳುವುದು

ತಂತ್ರಾಂಶ ಎಷ್ಟೇ ಸಾಧುವಾಗಿದ್ದರೂ ವಿಂಡೋಸ್ ತನ್ನ ದಿನಚರಿಯನ್ನು ಬರೆಯುವುದನ್ನು ಬಿಡುವುದಿಲ್ಲ. ಓಡಿದ ತಂತ್ರಾಂಶದ ಹೆಸರು ವಿಂಡೋಸ್ ಫೋಲ್ಡರಿನ ಪ್ರಿಫೆಚ್ ಎಂಬಲ್ಲಿ ಉಳಿಯಬಹುದು. ರಿಜಿಸ್ಟ್ರಿಯ ಯೂಸರ್‌ಅಸಿಸ್ಟ್ ಎಂಬಲ್ಲಿ ಯಾವುದನ್ನು ಎಷ್ಟು ಸಲ ತೆರೆದಿರೆಂಬ ಲೆಕ್ಕವಿರುತ್ತದೆ. ಹೆಸರುಗಳನ್ನು ಅಲ್ಲಿ ಹದಿಮೂರು ಅಕ್ಷರ ಮುಂದಕ್ಕೆ ಸರಿಸಿ ಬರೆದಿರುವುದರಿಂದ ಮೇಲುನೋಟಕ್ಕೆ ಅರ್ಥವಾಗುವುದಿಲ್ಲ. ತೆರೆದ ಫೈಲುಗಳ ಹೆಸರು ರೀಸೆಂಟ್ ಫೋಲ್ಡರಿನಲ್ಲಿರುತ್ತದೆ. ಯಾವ ಪೆನ್‌ಡ್ರೈವು ಚುಚ್ಚಿದ್ದರೆಂಬುದು ಯುಎಸ್‌ಬಿಸ್ಟೋರ್ ಎಂಬಲ್ಲಿ ದಾಖಲಾಗುತ್ತದೆ.

ಆದಕಾರಣ "ಏನೂ ಗುರುತು ಉಳಿಯುವುದಿಲ್ಲ" ಎಂಬ ಮಾತನ್ನು ಪೂರ್ತಿಯಾಗಿ ಯಾರೂ ನಡೆಸಿಕೊಡಲಾರರು. ನಾವು ಕೇಳತಕ್ಕ ಪ್ರಶ್ನೆ ಇಷ್ಟೇ: ತಂತ್ರಾಂಶ ತಾನಾಗಿ ನಮ್ಮ ಲೆಕ್ಕವನ್ನೂ ಏರ್ಪಾಡನ್ನೂ ಆ ಯಂತ್ರದಲ್ಲಿ ಬಿಡುತ್ತದೆಯೆ, ಇಲ್ಲವೆ? ನಿಮ್ಮ ಮನೆಗೆ ಬಂದು ಹೋದವರ ಹೆಜ್ಜೆ ಅಂಗಳದಲ್ಲಿ ಉಳಿಯುವುದು ಬೇರೆ. ಅವರು ತಮ್ಮ ಹಣದ ಚೀಲವನ್ನೇ ಬಿಟ್ಟು ಹೋಗುವುದು ಬೇರೆ.

ಗುರುತು ಕಂಡರೆ ಏನು ಮಾಡಬೇಕು?

ಒಂದು, ಅದೇ ತಂತ್ರಾಂಶದ ಪೋರ್ಟಬಲ್ ಆವೃತ್ತಿ ಇದೆಯೆ ನೋಡಿ. ಪೆನ್‌ಡ್ರೈವಿನಿಂದ ಓಡಿಸಲೆಂದೇ ಹೊಂದಿಸಿದ ತಂತ್ರಾಂಶಗಳನ್ನು ಪೋರ್ಟಬಲ್‌ಆಪ್ಸ್ ಎಂಬ ತಾಣದಲ್ಲಿ ಕೊಡುತ್ತಾರೆ. ಲಿಬ್ರೆಆಫೀಸ್, ಸೆವೆನ್-ಜಿಪ್ ಎರಡೂ ಅಲ್ಲಿವೆ.

ಎರಡು, ತಂತ್ರಾಂಶಕ್ಕೇ ಜಾಗ ತೋರಿಸಬಹುದೆ ನೋಡಿ. ಬಿಚ್ಚಿದ ಲಿಬ್ರೆಆಫೀಸಿನ ಪ್ರೋಗ್ರಾಮ್ ಫೋಲ್ಡರಿನಲ್ಲಿ ಬೂಟ್‌ಸ್ಟ್ರಾಪ್ ಎಂಬ ಐಎನ್‌ಐ ಫೈಲು ಇದೆ. ಅದರಲ್ಲಿ ಯೂಸರ್‌ಇನ್‌ಸ್ಟಲೇಷನ್ ಎಂಬ ಸಾಲಿನ ಸಮಚಿಹ್ನೆಯ ಮುಂದೆ ಇರುವುದನ್ನು ತೆಗೆದು, ಡಾಲರ್ ಚಿಹ್ನೆ, ಒರಿಜಿನ್ ಎಂಬ ಇಂಗ್ಲಿಷ್ ಪದ ದೊಡ್ಡಕ್ಷರಗಳಲ್ಲಿ, ಓರೆಗೆರೆ, ಎರಡು ಚುಕ್ಕಿ ಇಷ್ಟನ್ನು ಬರೆದರೆ, ಯೂಸರ್ ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ತನ್ನ ಬಳಿಯೇ ಮಾಡಿಕೊಳ್ಳುತ್ತದೆ. ಬದಲಿಸಿದ ಮೇಲೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡತಕ್ಕದ್ದು.

ಮೂರು, ಸಂಘದ ಯಂತ್ರದಲ್ಲಿ ಲೆಕ್ಕ ಬರೆಯುವವರಿಗೆ ಪ್ರತ್ಯೇಕ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡು ಮಾಡಿಸಿಕೊಡಿ. ಎಲ್ಲರೂ ಒಂದೇ ಹೆಸರಿನಲ್ಲಿ ಒಳಗೆ ಹೋಗುವ ಪದ್ಧತಿಯೇ ಬಹಳ ತೊಂದರೆಗೆ ಮೂಲ.

ರೈತರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕೆಲಸ ಮುಗಿದ ಮೇಲೆ ಆಪ್‌ಡೇಟಾದಲ್ಲಿರುವ ಫೋಲ್ಡರನ್ನು ಕೈಯಾರೆ ಅಳಿಸಿದರೆ ಸಾಲದೆ?

ಉತ್ತರ: ಅವಸರಪಡಬೇಡಿ. ಆ ಯಂತ್ರದಲ್ಲಿ ಲಿಬ್ರೆಆಫೀಸ್ ಮೊದಲೇ ಇನ್‌ಸ್ಟಾಲ್ ಆಗಿದ್ದರೆ, ಅದೂ ನಿಮ್ಮ ಬಿಚ್ಚಿದ ಲಿಬ್ರೆಆಫೀಸೂ ಒಂದೇ ಫೋಲ್ಡರನ್ನು ಬಳಸುತ್ತವೆ. ನಿಮ್ಮದೆಂದು ಅಳಿಸಿದ್ದು ಸಂಘದ ಕಾರ್ಯದರ್ಶಿಯವರ ನಮೂನೆಗಳಾಗಿರಬಹುದು. ನಿಮ್ಮ ಬದುವಿನ ಕಳೆ ಕೀಳಲು ಹೋಗಿ ನೆರೆಯವರ ಪೈರು ಕಿತ್ತಂತಾದೀತು.

ಪ್ರಶ್ನೆ: ಎಲ್ಲ ತಂತ್ರಾಂಶವನ್ನೂ ಹೀಗೆ ಬಿಚ್ಚಿ ಹೊತ್ತೊಯ್ಯಬಹುದೆ?

ಉತ್ತರ: ಆಗದು. ಪ್ರಿಂಟರು, ಬೆರಳಚ್ಚು ತೆಗೆಯುವ ಯಂತ್ರ ಮುಂತಾದವುಗಳಿಗೆ ಬೇಕಾದ ಡ್ರೈವರುಗಳನ್ನು ವಿಂಡೋಸಿನಲ್ಲಿ ಇನ್‌ಸ್ಟಾಲ್ ಮಾಡಲೇಬೇಕು.

ಪ್ರಶ್ನೆ: ಪರೀಕ್ಷೆಯಲ್ಲಿ ಗೆದ್ದ ತಂತ್ರಾಂಶದಿಂದ ಪರರ ಯಂತ್ರದಲ್ಲಿ ಬ್ಯಾಂಕಿನ ಕೆಲಸ ಮಾಡಬಹುದೆ?

ಉತ್ತರ: ಬೇಡ. ತಂತ್ರಾಂಶ ಒಳ್ಳೆಯದಾದರೂ ಆ ಯಂತ್ರದಲ್ಲಿ ಕೀಲಿಮಣೆಯ ಒತ್ತುಗಳನ್ನು ಕದ್ದು ಬರೆದುಕೊಳ್ಳುವ ದುಷ್ಟ ತಂತ್ರಾಂಶವಿದ್ದರೆ ಈ ಪರೀಕ್ಷೆ ಅದನ್ನು ತಡೆಯುವುದಿಲ್ಲ. ಪಿನ್ನು, ಒಟಿಪಿ, ಪಾಸ್‌ವರ್ಡುಗಳನ್ನು ಅಲ್ಲಿ ಒತ್ತಲೇಬಾರದು.

ಪ್ರಶ್ನೆ: ಒಮ್ಮೆ ಪರೀಕ್ಷಿಸಿದರೆ ಸದಾಕಾಲಕ್ಕೂ ಸಾಕೆ?

ಉತ್ತರ: ಹೋದ ವರ್ಷದ ಬೀಜದ ಮೊಳಕೆ ಈ ವರ್ಷದ ಚೀಲಕ್ಕೆ ಸಾಕ್ಷಿಯಾಗುವುದಿಲ್ಲ. ಹೊಸ ಆವೃತ್ತಿ ಬಂದಾಗಲೆಲ್ಲ ಹೊಸ ಪರೀಕ್ಷೆ.

ಕೊನೆಯದಾಗಿ

ಪರರ ಯಂತ್ರದಲ್ಲಿ ಏನನ್ನು ಓಡಿಸುವುದಾದರೂ ಅದರ ಯಜಮಾನರನ್ನೋ ಸಂಘದ ಕಾರ್ಯದರ್ಶಿಯವರನ್ನೋ ಕೇಳಿ ಓಡಿಸಿ. ಗುರುತು ಉಳಿಸಬಾರದೆಂಬುದು ಕದ್ದು ಮಾಡುವುದಕ್ಕಲ್ಲ. ನಮ್ಮ ಸದಸ್ಯರ ಲೆಕ್ಕ ನಮ್ಮಲ್ಲಿರಲಿ, ಅವರ ಯಂತ್ರ ಚೊಕ್ಕಟವಾಗಿರಲಿ ಎಂಬುದಕ್ಕೆ. ಪೆನ್‌ಡ್ರೈವು ಕಳೆದುಹೋಗುವ ವಸ್ತುವಾದ್ದರಿಂದ ಅದರಲ್ಲಿರುವುದರ ಇನ್ನೊಂದು ನಕಲನ್ನು ಭದ್ರವಾಗಿ ಬೇರೆ ಕಡೆ ಇಡತಕ್ಕದ್ದು.

ಸಂಘದಲ್ಲಿ ಇದಕ್ಕೊಂದು ಪುಸ್ತಕವಿಡಿ. ತಂತ್ರಾಂಶದ ಹೆಸರು, ಆವೃತ್ತಿ, ಪರೀಕ್ಷಿಸಿದ ತಾರೀಖು, ರಿಜಿಸ್ಟ್ರಿಯಲ್ಲಿ ಕಂಡದ್ದು, ಫೋಲ್ಡರುಗಳಲ್ಲಿ ಕಂಡದ್ದು, ಬಳಸಬಹುದೆ ಬಾರದೆ ಎಂಬ ಆರು ಅಂಕಣಗಳು ಸಾಕು. ಒಬ್ಬರು ಮಾಡಿದ ಪರೀಕ್ಷೆ ಹತ್ತು ಜನಕ್ಕೆ ಉಪಯೋಗವಾಗಲಿ.

ಬರುವ ಸೋಮವಾರ, ಎತ್ತು ಹೂಡದ ದಿನ, ಮನೆಯ ಓದಿದ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಎರಡು ಸುಲಭ ಪರೀಕ್ಷೆಗಳನ್ನು ಮಾಡಿನೋಡಿ. ಪೆನ್‌ಡ್ರೈವಿನಲ್ಲಿದೆ ಎಂದು ನೀವು ನಂಬಿರುವ ಲೆಕ್ಕ ನಿಜವಾಗಿ ಎಲ್ಲಿದೆ ಎಂಬುದು ಅರ್ಧ ಗಂಟೆಯೊಳಗೆ ತಿಳಿಯುತ್ತದೆ.